ಪ್ರಾರ್ಥನೆಯ ವಿಷಯ

ಚರ್ಚಿನ ವಯಸ್ಸಾದ ಸಭಾಪಾಲಕರು ಕೆಲಸ ಬಿಡುತ್ತಾರೆಂಬ ಸುದ್ದಿ ಬಂದ ಭಾನುವಾರದಿಂದ ಹೊಲಿಗೆಯವಳ ಮಗ ಉಂಡ ತಟ್ಟೆಯನ್ನು ತಾನೇ ತೊಳೆಯಲು ಶುರುಮಾಡಿದ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವನ ಕೈಗೆ ಸೋಪಿನ ನೊರೆ ಹತ್ತಿದ್ದನ್ನು ಕಂಡು ಅಜ್ಜಿ ಕೇಳಿದಳು.

"ಯಾಕಪ್ಪಾ, ಮೈ ಹುಷಾರಿಲ್ವಾ?"

"ಸೇವೆ ಅನ್ನೋದು ಮನೆಯಿಂದಲೇ ಶುರುವಾಗ್ಬೇಕು ಅಜ್ಜಿ."

"ಹಾಗಾದ್ರೆ ಆ ಪಾತ್ರೆನೂ ಉಜ್ಜಿಬಿಡು. ತಳ ಹಿಡಿದಿದೆ."

ಮಗ ಪಾತ್ರೆ ನೋಡಿದ, ಗಡಿಯಾರ ನೋಡಿದ. ಯುವಕರ ಕೂಟಕ್ಕೆ ಹೊತ್ತಾಯಿತೆಂದು ಕೈ ಒರೆಸಿಕೊಂಡು ಹೊರಟ. ಪಾತ್ರೆಯನ್ನು ತಾಯಿಯೇ ಉಜ್ಜಿದಳು.

ತಾಯಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸದಲ್ಲಿ ಎಷ್ಟು ಗಟ್ಟಿಗನೋ ಮಾತಿನಲ್ಲಿ ಅಷ್ಟೇ ಹಿಂದೇಟು. ಮಗಳು ಎರಡು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಯಾವ ಡಾಕ್ಟರ ಕೋಳಿಕಾಲಿನ ಅಕ್ಷರವನ್ನಾದರೂ ಓದಿ ಮಾತ್ರೆ ತೆಗೆದುಕೊಡುತ್ತಿದ್ದಳು. ಮಗ ಮುದ್ರಣಾಲಯದ ಕೆಲಸ ಬಿಟ್ಟು ಒಂದು ವರ್ಷದಿಂದ ಬ್ಯಾಪ್ಟಿಸ್ಟ್ ಸಭೆಯ ಯುವಸಂಘವನ್ನು ನಡೆಸುತ್ತಿದ್ದ. ಒಂಬತ್ತನೇ ವಯಸ್ಸಿನಲ್ಲಿ ಕುರ್ಚಿ ಹತ್ತಿ ಬೈಬಲ್ ಪ್ರಸಂಗ ಮಾಡಿದ ದಿನದಿಂದ ಸಭೆಯವರು ಅವನನ್ನು 'ಪುಟ್ಟ ಪಾಸ್ಟರ್' ಎಂದೇ ಕರೆಯುತ್ತಿದ್ದರು.

ಆ ಸಭೆಗೆ ಮೇಲಿನಿಂದ ಯಾರೂ ಸಭಾಪಾಲಕರನ್ನು ಕಳಿಸುವುದಿಲ್ಲ. ದೀಕ್ಷಾಸ್ನಾನ ಪಡೆದ ಸದಸ್ಯರೆಲ್ಲ ಸೇರಿ ಕೈ ಎತ್ತಿ ತಾವೇ ಆರಿಸಬೇಕು. ನಾಲ್ಕರಲ್ಲಿ ಮೂರು ಪಾಲು ಕೈ ಏಳಬೇಕು. ಅದಕ್ಕೆ ಮೊದಲು ಸಭೆಯ ಕಾರ್ಯಭಾರ ನೋಡುವ ಡೀಕನರು ಅಭ್ಯರ್ಥಿಯ ಮನೆಗೆ ಬಂದು, ಈತ ಮನೆಯಲ್ಲಿ ಹೇಗೆ ಎಂದು ಮನೆಯವರನ್ನು ವಿಚಾರಿಸಬೇಕು. ಈ ಸಲ ಎರಡು ಹೆಸರಿದ್ದವು. ಒಂದು ಪುಟ್ಟ ಪಾಸ್ಟರನದು. ಇನ್ನೊಂದು ಅವನ ಬಾಲ್ಯದ ಗೆಳೆಯ, ಬಡಗಿಯದು. ಇಬ್ಬರೂ ಒಂದೇ ದಿನ, ದೀಕ್ಷಾಸ್ನಾನದ ಒಂದೇ ತೊಟ್ಟಿಯಲ್ಲಿ ಮುಳುಗಿ ಎದ್ದವರು. ಬಡಗಿಗೆ ಪ್ರಸಂಗದಲ್ಲಿ ಅಂಥ ಓಘವಿರಲಿಲ್ಲ. ಆದರೆ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಕೇಳಬೇಕಾದರೆ ಎಲ್ಲರೂ ಅವನನ್ನೇ ಕೇಳುತ್ತಿದ್ದರು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಡಗಿ ಇವರ ಮನೆಗೆ ಊಟಕ್ಕೆ ಬಂದ. ತಾಯಿ ಅವನಿಗೆ ಎರಡನೇ ಸಲ ಬಡಿಸಲು ಹೋದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕು ಅಮ್ಮ. ಒಂದು ಮಾತು ಹೇಳ್ಬೇಕಿತ್ತು. ನಿಮ್ಮ ಹತ್ತಿರ ಮುಚ್ಚಿಟ್ಟುಕೊಂಡು ಊಟ ಮಾಡೋಕೆ ಆಗ್ತಿಲ್ಲ."

ಎಲ್ಲರೂ ಅವನ ಮುಖ ನೋಡಿದರು.

"ನಮ್ಮ ಮಗು ತೀರಿಹೋದ ಮೇಲೆ ನನಗೆ ನಿದ್ದೆನೇ ಬರ್ತಿರಲಿಲ್ಲ. ಕೈಯಲ್ಲಿ ಉಳಿ ಹಿಡಿದ್ರೆ ಅಳು ಬರೋದು. ಎಂಟು ತಿಂಗಳಿಂದ ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತಿದೀನಿ, ಮಾತ್ರೆ ತಗೊಳ್ತಿದೀನಿ. ಈಗ ಪರವಾಗಿಲ್ಲ. ಡೀಕನರಿಗೆ ನಾನೇ ಹೇಳ್ತೀನಿ, ಸ್ವಲ್ಪ ಟೈಮ್ ಬೇಕು. ಅಲ್ಲಿವರೆಗೂ ಇದು ಇಲ್ಲೇ ಇರಲಿ."

"ಇಲ್ಲೇ ಇರುತ್ತೆ," ಎಂದಳು ತಾಯಿ. ಮಾತ್ರೆಯ ವಿಷಯ ಮಗಳಿಗೆ ಮೊದಲೇ ಗೊತ್ತಿತ್ತು. ಅವನ ಚೀಟಿಗೆ ಮಾತ್ರೆ ಕೊಡುತ್ತಿದ್ದವಳು ಅವಳೇ. ಎಂಟು ತಿಂಗಳಲ್ಲಿ ತಾಯಿಯ ಮುಂದೆಯೂ ತುಟಿಪಿಟಕ್ಕೆಂದಿರಲಿಲ್ಲ. ಮಗ ಎದ್ದು ಹೋಗಿ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ. ಅವನ ಕಣ್ಣು ತುಂಬಿ ಬಂದದ್ದನ್ನು ಎಲ್ಲರೂ ನೋಡಿದರು.

ಗುರುವಾರ ಬೆಳಿಗ್ಗೆ ತಾಯಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಗ ನೀರಿನ ಟ್ಯಾಂಕಿನ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಒದ್ದೆ ಹಾಸಿಗೆ ಬಟ್ಟೆಯ ಹಿಂದಿದ್ದ ತಾಯಿ ಅವನಿಗೆ ಕಾಣಲಿಲ್ಲ.

"ಛೆ ಛೆ, ನಾನು ಯಾರ ಮೇಲೂ ಚಾಡಿ ಹೇಳ್ತಿಲ್ಲ ಸರ್. ಪ್ರಾರ್ಥನೆಯ ವಿಷಯ ಅಂತ ನಿಮ್ಮ ಮುಂದೆ ಇಡ್ತಿದೀನಿ. ತಲೆಗೆ ಸಂಬಂಧಪಟ್ಟ ಮಾತ್ರೆ. ಎಂಟು ತಿಂಗಳಾಯ್ತು. ಅಂಥವನ ಮೇಲೆ ಸಭೆಯ ಭಾರ ಹಾಕಿದ್ರೆ ಅವನಿಗೇ ಕಷ್ಟ ಅಲ್ವಾ... ಗ್ಯಾರಂಟಿ ಸರ್. ನನ್ನ ತಂಗಿ ಔಷಧಿ ಅಂಗಡಿಯಲ್ಲೇ ಇದಾಳಲ್ಲ."

ತಾಯಿಯ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮಗ ಮೆಟ್ಟಿಲಿಳಿದು ಹೋಗಿದ್ದ.

ಚಹಾ ಕೊಡುವಾಗ ಅವಳು ಕೇಳಿದಳು. "ಯಾರ ಜೊತೆ ಮಾತಾಡ್ತಿದ್ದೆ?"

"ಹಿರಿಯ ಡೀಕನ್. ಸಭೆ ಕೆಲಸ."

ಇನ್ನೊಂದು ಮಾತು ನಾಲಿಗೆ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. ಮಗ ತಿಳಿಯದೆ ಮಾಡಿದ್ದಾನೆ, ತಾನೇ ಸರಿಮಾಡುತ್ತಾನೆ ಎಂದು ಅಂದುಕೊಂಡು ಯಂತ್ರದ ಮುಂದೆ ಕೂತಳು. ಅವತ್ತು ಒಂದು ತೋಳನ್ನು ಉಲ್ಟಾ ಹೊಲಿದು ಎಲ್ಲ ಬಿಚ್ಚಬೇಕಾಯಿತು.

ಮಗ ಸರಿಮಾಡಲಿಲ್ಲ. ಆ ಭಾನುವಾರವೇ ಹಿರಿಯ ಡೀಕನ್ ಎದ್ದು, ನಮ್ಮ ಸಹೋದರ ಬಡಗಿಯವರಿಗೆ ವಿಶ್ರಾಂತಿಯ ಅಗತ್ಯವಿರುವುದರಿಂದ ಅವರ ಹೆಸರನ್ನು ಕೈಬಿಡಲಾಗಿದೆ, ಎಲ್ಲರೂ ಅವರಿಗಾಗಿ ಪ್ರಾರ್ಥಿಸಿ ಎಂದರು. ಬಡಗಿ ಮೂರನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಇಡೀ ಸಭೆ ಅವನತ್ತ ತಿರುಗಿತು. ಮಂಗಳವಾರದ ಹೊತ್ತಿಗೆ ತಾಯಿಯ ಗಿರಾಕಿಗಳು ಅಳತೆ ಕೊಡುತ್ತಲೇ ಪಿಸುಗುಟ್ಟತೊಡಗಿದರು. ಗರಗಸ, ಉಳಿ ಹಿಡಿಯುವವನಿಗೆ ತಲೆ ಸರಿಯಿಲ್ಲದಿದ್ದರೆ ಹೇಗೆ ಅಂದಳು ಒಬ್ಬಳು. ಶಾಲೆಯವರು ಬಡಗಿಗೆ ಕೊಟ್ಟಿದ್ದ ಬೆಂಚಿನ ಕೆಲಸವನ್ನು ವಾಪಸು ತೆಗೆದುಕೊಂಡರು. ಇದೆಲ್ಲ ಹೊರಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಔಷಧಿ ಅಂಗಡಿಯ ಹುಡುಗಿ.

ಶುಕ್ರವಾರ ಮಗಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಕೈಯಲ್ಲಿ ಅವಳ ಬಿಳಿ ಕೋಟು, ನೀರಿನ ಬಾಟಲಿ.

"ಯಜಮಾನ್ರು ಕಳಿಸಿಬಿಟ್ರು. ಗಿರಾಕಿಗಳ ಕಾಯಿಲೆ ಬೀದಿಯಲ್ಲಿ ಹೇಳೋರು ಬೇಡ ಅಂದ್ರು. ನಾನು ಯಾರಿಗೂ ಹೇಳಿಲ್ಲ ಅಂದೆ. ಕೇಳಲೇ ಇಲ್ಲ."

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗೆಡ್ಡೆ, ಮೊಟ್ಟೆ ಇತ್ತು. ಯಾರೂ ಸರಿಯಾಗಿ ತಿನ್ನಲಿಲ್ಲ, ಮಗನೊಬ್ಬನನ್ನು ಬಿಟ್ಟು. ಅವನು ಮೊಟ್ಟೆಗೆ ಉಪ್ಪು ಉದುರಿಸಿಕೊಳ್ಳುತ್ತ ತಂಗಿಗೆ ಹೇಳಿದ.

"ನೀನು ಹೇಳಿಲ್ಲ ಅಂತ ದೇವರಿಗೆ ಗೊತ್ತಿದ್ರೆ ಸಾಕು. ವಾದ ಮಾಡೋಕೆ ಹೋಗ್ಬೇಡ. ತಗ್ಗಿಸಿಕೊಂಡವರನ್ನ ಆತ ಎತ್ತೇ ಎತ್ತುತ್ತಾನೆ."

"ಯಾವಾಗ ಎತ್ತುತ್ತಾನಣ್ಣ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎತ್ತುತ್ತಾನಾ? ನನಗೆ ಡ್ಯೂಟಿ ಇರೋದು ಒಂಬತ್ತಕ್ಕೆ."

"ನೋಡು, ಇದೇ. ಈ ನಾಲಿಗೆಯಿಂದಲೇ ಜನ ನಿನ್ನನ್ನ ನಂಬಲ್ಲ."

ತಾಯಿ ಕೈಲಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಸುಮ್ಮನಿರೋ. ತಾರಸಿ ಮೇಲೆ ನೀನು ಫೋನಲ್ಲಿ ಹೇಳಿದ್ದನ್ನ ನಾನು ಕೇಳಿದೀನಿ. ಒಂದೊಂದು ಮಾತೂ ಕೇಳಿದೀನಿ."

ಮಗನ ಕೈ ಉಪ್ಪಿನ ಡಬ್ಬಿಯ ಮೇಲೆ ನಿಂತಿತು. ಮಗಳು ತಾಯಿಯನ್ನು ನೋಡಿದಳು. ಆ ನೋಟವನ್ನು ತಾಯಿಗೆ ಆಮೇಲೆ ಎಷ್ಟೋ ದಿನ ಮರೆಯಲಾಗಲಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ಒಂದು ವಾರದಿಂದ?"

"ಒಂದು ವಾರದಿಂದ. ತಪ್ಪಾಯ್ತು ಕಣೇ."

ಮಗ ಚೇತರಿಸಿಕೊಂಡಿದ್ದ. "ನಾನು ಕೆಟ್ಟದ್ದಕ್ಕೆ ಹೇಳಿದ್ದಲ್ಲಮ್ಮ. ಹಿರಿಯರು ಪ್ರಾರ್ಥನೆ ಮಾಡ್ಲಿ ಅಂತ ಹೇಳಿದೆ. ತಂಗಿ ಹೆಸರು ಬಾಯಿತಪ್ಪಿ ಬಂತು. ಈಗ ಅದನ್ನ ಎತ್ತಿದ್ರೆ ಇಡೀ ಸಭೆ ಒಡೆದುಹೋಗುತ್ತೆ. ಓಟಿಗೆ ಮೂರೇ ವಾರ ಇದೆ."

"ಓಟು ನಿನಗೆ, ಕೆಲಸ ಹೋಗಿದ್ದು ನನಗೆ," ಎಂದಳು ಮಗಳು.

"ನಾನು ಪಾಸ್ಟರ್ ಆದ ಮೇಲೆ ನಿನಗೆ ಸಭೆ ಕಚೇರಿಯಲ್ಲೇ ಕೆಲಸ ಕೊಡಿಸ್ತೀನಲ್ಲ."

"ನಿನ್ನ ಕೈ ಕೆಳಗೆ ಬೇರೆ ಇರಬೇಕಾ ನಾನು?"

ಎಲ್ಲರೂ ತಂದೆಯತ್ತ ನೋಡಿದರು. ತಂದೆ ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತಿದ್ದ.

"ಮನೆ ಮಾತು ಹೊರಗೆ ಹೋಗೋದು ಬೇಡ," ಎಂದ ಕೊನೆಗೆ. "ಓಟು ಮುಗಿಯಲಿ. ಆಮೇಲೆ ನೋಡೋಣ."

"ಬಡಗಿಯ ಮನೆ ಮಾತು ಮಾತ್ರ ಹೊರಗೆ ಹೋಗಬಹುದು," ಎಂದಳು ಅಜ್ಜಿ. ತಂದೆ ಊಟ ಬಿಟ್ಟು ಎದ್ದ.

ಶನಿವಾರ ಮಗಳು ಬಡಗಿಯ ಕೆಲಸದ ಮನೆಗೆ ಹೋದಳು. ಅವನು ಒಂದು ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿದ್ದ. ಒಂದು ಮೂಲೆಯಲ್ಲಿ ಅರ್ಧ ಮಾಡಿದ ಶಾಲೆ ಬೆಂಚುಗಳು ಒಂದರ ಮೇಲೊಂದು ಬಿದ್ದಿದ್ದವು.

"ಅಣ್ಣಾ, ನಿಮ್ಮ ವಿಷಯ ಹೊರಗೆ ಹಾಕಿದ್ದು ನಾನಲ್ಲ."

"ಗೊತ್ತಮ್ಮ," ಎಂದ ಅವನು, ಕೈ ನಿಲ್ಲಿಸದೆ. "ಯಾರು ಅಂತಾನೂ ಗೊತ್ತು. ಹಿರಿಯ ಡೀಕನರು ನನ್ನ ಕರೆದು ಮಾತಾಡಿದಾಗ ಅವರ ಬಾಯಿಂದ ಬಂದಿದ್ದೆಲ್ಲ ಅವನ ಮಾತೇ. ಅವನ ಜೊತೆ ಬೆಳೆದವನು ನಾನು, ಅಷ್ಟೂ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಮನಿದೀರಿ?"

"ಏನಂತ ಹೇಳಲಿ? ಬಾಯಿ ಬಿಟ್ರೆ, ಹುದ್ದೆ ತಪ್ಪಿದ್ದಕ್ಕೆ ಹೊಟ್ಟೆಕಿಚ್ಚು ಅಂತಾರೆ. ನನ್ನ ಪಾಲಿಗೆ ಬಂದಿದ್ದನ್ನ ತಗ್ಗಿ ತಗೊಂಡ್ರಾಯ್ತು ಅಂದುಕೊಂಡೆ."

ಮಗಳಿಗೆ ಅಣ್ಣನ ಮೇಲೆ ಬಂದಿದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು.

"ನಿಮ್ಮ ಪಾಲಿಗೆ ಬಂದಿದ್ದನ್ನ ನೀವು ತಗೊಳ್ಳಿ. ನನ್ನ ಪಾಲಿಗೆ ಬಂದಿದ್ದು? ಎಂಟು ತಿಂಗಳು ನಿಮ್ಮ ಮಾತ್ರೆ ವಿಷಯ ನಮ್ಮಮ್ಮನಿಗೂ ಹೇಳಿಲ್ಲ ನಾನು. ನನ್ನನ್ನ ಬೀದಿಬೀದಿಯಲ್ಲಿ ಚಾಡಿಕೋರಿ ಅಂತಿದ್ರೆ, ಅವಳಲ್ಲ ಅಂತ ಒಂದು ಮಾತು ಹೇಳೋಕೆ ನಿಮ್ಮ ದೀನತೆ ಬಿಡಲಿಲ್ವಾ? ನಮ್ಮಣ್ಣ ಮೇಲೆ ಹತ್ತೋಕೆ ನನ್ನ ತಲೆ ತುಳಿದ. ನೀವು ಒಳ್ಳೆಯವರಾಗಿರೋಕೆ ಅದೇ ತಲೆ ತುಳೀತಿದೀರಿ. ನನಗೇನು ವ್ಯತ್ಯಾಸ?"

ಬಡಗಿಯ ಕೈ ನಿಂತಿತು. ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಅವನ ಹೆಂಡತಿ, "ನಾನೂ ಇದನ್ನೇ ಹೇಳಿದೆ," ಎಂದಳು. ಮಗಳು ಚಹಾ ಕುಡಿಯದೆ ಹೊರಟುಬಂದಳು.

ಮುಂದಿನ ವಾರ ಹಿರಿಯ ಡೀಕನ್ ಮತ್ತು ಅವರ ಜೊತೆಯ ಕಿರಿಯ ಡೀಕನ್ ಮನೆಗೆ ಬಂದರು. ಮಗ ಬೆಳಿಗ್ಗೆಯಿಂದಲೇ ಮುಂದಿನ ಕೋಣೆ ಗುಡಿಸಿ, ಬಟ್ಟೆ ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ, "ಅಮ್ಮ, ಹೆಚ್ಚು ಮಾತು ಬೇಡ. ಕೇಳಿದ್ದಕ್ಕೆ ಹೌದು ಅಂದ್ರೆ ಸಾಕು," ಎಂದು ಮೂರು ಸಲ ಹೇಳಿದ್ದ. ನಿಯಮದಂತೆ ಅವನನ್ನು ಹೊರಗೆ ಕಳಿಸಿ ಡೀಕನರು ನೋಟುಪುಸ್ತಕ ತೆರೆದರು.

"ಮಗ ಮನೆಯಲ್ಲಿ ವಿನಯದಿಂದ ಇದಾರಾ ಅಮ್ಮ?"

"ಮೂರು ವಾರದಿಂದ ಇದಾನೆ," ಎಂದಳು ತಾಯಿ.

ಕಿರಿಯ ಡೀಕನರಿಗೆ ನಗು ಬಂತು. ಹಿರಿಯರು ನಗಲಿಲ್ಲ. ತಾಯಿ ಎಲ್ಲವನ್ನೂ ಹೇಳಿದಳು: ಊಟದ ಮೇಜಿನಲ್ಲಿ ಬಡಗಿ ನಂಬಿ ಹೇಳಿದ್ದು, ತಾರಸಿಯ ಫೋನು, ಮಗಳ ಕೆಲಸ. ಫೋನಿನ ಆ ತುದಿಯಲ್ಲಿದ್ದವರು ತಾವೇ ಎಂಬುದು ಹಿರಿಯ ಡೀಕನರಿಗೆ ತಿಳಿಯದ್ದೇನಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಯುವಕರು ಅಮ್ಮ. ಉತ್ಸಾಹದಲ್ಲಿ ಒಂದು ಮಾತು ಆಚೀಚೆ ಆಗುತ್ತೆ. ಅವರ ಪ್ರಸಂಗಕ್ಕೆ ಎಷ್ಟು ಜನ ಸೇರ್ತಾರೆ ನೋಡಿದೀರಲ್ಲ. ತಾಯಿಯಾಗಿ ನೀವು ಕ್ಷಮಿಸಬೇಕು."

"ನಾನು ಕ್ಷಮಿಸಬಹುದು. ನನ್ನ ಮಗಳ ಹೆಸರು ಯಾರು ತೊಳೀತಾರೆ?"

"ಅದು ನಿಮ್ಮ ಮನೆ ಮಾತು. ಮನೆಯಲ್ಲೇ ಸರಿಮಾಡಿಕೊಳ್ಳಿ." ಪುಸ್ತಕ ಮುಚ್ಚಿತು. ತಾಯಿ ಕೊಟ್ಟ ಚಹಾ ಕುಡಿದು, ಸಣ್ಣ ಪ್ರಾರ್ಥನೆ ಮಾಡಿ ಇಬ್ಬರೂ ಎದ್ದರು. ತಂದೆ ಅವರನ್ನು ಬಾಗಿಲವರೆಗೆ ಬಿಟ್ಟುಬಂದ. ಒಳಗೆ ಬಂದಾಗ ಹೆಂಡತಿಯ ಮುಖ ನೋಡಲಿಲ್ಲ.

ಮತದಾನದ ಭಾನುವಾರ ಸಭೆ ಕಿಕ್ಕಿರಿದಿತ್ತು. ಯುವಸಂಘದವರು ಮುಂದಿನ ಸಾಲುಗಳಲ್ಲಿ ಕೂತಿದ್ದರು. ಪುಟ್ಟ ಪಾಸ್ಟರ್ ತಾಯಿಯೇ ಹೊಲಿದ ಹೊಸ ಅಂಗಿ ತೊಟ್ಟು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹಿರಿಯ ಡೀಕನ್ ವರದಿ ಓದಿದರು. ಅಭ್ಯರ್ಥಿಯ ವಿದ್ಯೆ, ಸೇವೆ, ಎಲ್ಲ ಆದ ಮೇಲೆ ಕೊನೆಯ ಸಾಲು ಬಂತು. "ಮನೆಯವರ ಸಾಕ್ಷಿಯೂ ಚೆನ್ನಾಗಿದೆ."

ತಾಯಿ ಎದ್ದು ನಿಂತಳು. ಇಪ್ಪತ್ತು ವರ್ಷ ಆ ಸಭೆಯಲ್ಲಿ ಹಾಡಿದವಳು, ಬಾಗಿಲ ಪರದೆಯಿಂದ ಹಿಡಿದು ಗಾಯಕರ ನಿಲುವಂಗಿಯವರೆಗೆ ಹೊಲಿದುಕೊಟ್ಟವಳು, ಇಂಥ ಕೂಟದಲ್ಲಿ ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

"ಆ ಮನೆಯವಳು ನಾನೇ. ನಾನು ಹಾಗೆ ಹೇಳಿಲ್ಲ."

"ಅಮ್ಮಾ, ಇದು ಅದಕ್ಕೆ ಸರಿಯಾದ ಜಾಗ ಅಲ್ಲ."

"ಯಾವುದು ಸರಿಯಾದ ಜಾಗ? ಮನೆಗೆ ಬಂದಾಗ ಹೇಳಿದೆ, ಪುಸ್ತಕ ಮುಚ್ಚಿದ್ರಿ. ಈಗ ಎಲ್ಲರ ಮುಂದೆ ನನ್ನ ಹೆಸರಲ್ಲಿ ಸುಳ್ಳು ಓದ್ತಿದೀರಿ." ಅವಳ ಕೈ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದಿತ್ತು. "ಬಡಗಿಯ ವಿಷಯ ಹೊರಗೆ ಹಾಕಿದ್ದು ನನ್ನ ಮಗಳಲ್ಲ. ನನ್ನ ಮಗ. ನಿಮಗೇ ಫೋನ್ ಮಾಡಿ ಹೇಳಿದ, ತಂಗಿ ಮೇಲೆ ಹಾಕಿದ. ನಾನು ಕಿವಿಯಾರೆ ಕೇಳಿದೆ."

ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ, "ಹೆತ್ತವಳೇ ಹೀಗೆ ಹೇಳೋದಾ," ಎಂದರು. ಆಗ ಮೂರನೇ ಸಾಲಿನಲ್ಲಿ ಬಡಗಿ ಎದ್ದ.

"ಅಮ್ಮ ಹೇಳಿದ್ದು ನಿಜ. ನಾನು ಮಾತ್ರೆ ತಗೊಳ್ತೀನಿ, ಅದೂ ನಿಜ. ಆ ಹುಡುಗಿ ಯಾರಿಗೂ ಹೇಳಿಲ್ಲ ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ನನಗೆ ಹುದ್ದೆ ಬೇಡ, ನನ್ನ ಹೆಸರನ್ನ ಮತ್ತೆ ಸೇರಿಸಬೇಡಿ. ಆ ಹುಡುಗಿ ಮೇಲಿರೋ ಮಾತನ್ನ ವಾಪಸು ತಗೊಳ್ಳಿ."

ಪುಟ್ಟ ಪಾಸ್ಟರ್ ಎದ್ದು ಎರಡೂ ಕೈ ಚಾಚಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಪ್ರಿಯರೇ, ಇದು ನೋವಿನ ಗಳಿಗೆ. ನಾವೆಲ್ಲ ಕಣ್ಣು ಮುಚ್ಚಿ, ತಲೆ ಬಾಗಿಸಿ..."

ಅಭ್ಯಾಸಬಲದಿಂದ ಅರ್ಧ ಸಭೆಯ ತಲೆಗಳು ಬಾಗಿದವು.

"ಯಾರೂ ಕಣ್ಣು ಮುಚ್ಚಬೇಡಿ," ಎಂದಳು ಅಜ್ಜಿ ಕೂತಲ್ಲಿಂದಲೇ. ಕಿವಿ ಮಂದವಾದವರ ದೊಡ್ಡ ದನಿ ಅದು. "ಪ್ರಾರ್ಥನೆ ಆಮೇಲೆ. ಮೊದಲು ಅವನು ಉತ್ತರ ಹೇಳಲಿ. ಫೋನ್ ಮಾಡಿದ್ಯೋ ಇಲ್ವೋ?"

ಮಗನ ಕೈ ಗಾಳಿಯಲ್ಲೇ ನಿಂತಿತ್ತು. ಅವನು ಹಿರಿಯ ಡೀಕನರ ಕಡೆ ನೋಡಿದ. ಅವರು ತಮ್ಮ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು.

ಕೈ ಎತ್ತಿಸಿದಾಗ ನೂರ ಹನ್ನೆರಡು ಜನರಲ್ಲಿ ಐವತ್ತೊಂದು ಕೈ ಎದ್ದವು. ಎಂಬತ್ತನಾಲ್ಕು ಬೇಕಿತ್ತು. ತಂದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಮಗ ನಾಲ್ಕು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೊದಲ ದಿನ ತಾಯಿ ಊಟದ ತಟ್ಟೆ ಹಿಡಿದು ಬಾಗಿಲವರೆಗೆ ಹೋಗಿ, ಅಲ್ಲಿಂದಲೇ ವಾಪಸು ಬಂದಳು. "ಊಟ ಮೇಜಿನ ಮೇಲಿರುತ್ತೆ. ಬಂದು ತಿನ್ನು," ಎಂದು ಕೂಗಿ ಹೇಳಿದಳು. ಯಾರೂ ಇಲ್ಲದ ಹೊತ್ತು ನೋಡಿ ಅವನು ತಿಂದು ಹೋಗುತ್ತಿದ್ದ. ಐದನೇ ದಿನ ಎಲ್ಲರೂ ಕೂತಿದ್ದಾಗಲೇ ಬಂದು ನಿಂತ.

"ನೀವು ನನ್ನನ್ನ ಮುಗಿಸಿಬಿಟ್ರಿ. ಸ್ವಂತ ಮನೆಯವರೇ. ನಾನು ಯಾರಿಗೋಸ್ಕರ ಇದೆಲ್ಲ ಮಾಡಿದೆ? ದೇವರ ಕೆಲಸಕ್ಕೆ ತಾನೇ?"

ತಾಯಿ ಬಾಯಿ ತೆರೆಯುವ ಮೊದಲೇ ತಂದೆ ಮಾತಾಡಿದ.

"ಕೂತ್ಕೋ. ಬಸ್ಸಿನ ಬ್ರೇಕ್ ಹೋಗಿದೆ ಅಂತ ಗೊತ್ತಿದ್ದೂ ನಾನು ರೋಡಿಗೆ ಬಿಟ್ರೆ ನನ್ನನ್ನ ಏನಂತಾರೆ? ಓಟು ಮುಗಿಯಲಿ, ನೋಡೋಣ ಅಂದೆ ನಾನು. ಮಗ ದೊಡ್ಡ ಪಾಸ್ಟರ್ ಆಗ್ತಾನೆ ಅಂತ ನನಗೂ ಆಸೆ ಇತ್ತು. ಆ ಆಸೆಗೆ ಮಗಳನ್ನ ಬಲಿ ಕೊಟ್ಟೆ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಇವತ್ತು ಸಂಜೆ ಔಷಧಿ ಅಂಗಡಿಗೆ ಹೋಗಿ ಯಜಮಾನರಿಗೆ ನೀನೇ ಹೇಳು. ಹೇಳದೆ ಈ ಮನೆಗೆ ಬರಬೇಡ."

"ಅಷ್ಟು ಜನರ ಮುಂದಾ?"

"ಅಷ್ಟು ಜನರ ಮುಂದೆ."

ಸಂಜೆ ಆರಕ್ಕೆ ಅಂಗಡಿಯಲ್ಲಿ ಹತ್ತು ಜನ ಕಾಯುತ್ತಿದ್ದರು. ತಂಗಿ ಮುಂದೆ, ಅಣ್ಣ ಹಿಂದೆ. ಯಜಮಾನರು ಕನ್ನಡಕ ಮೂಗಿಗೆ ಇಳಿಸಿಕೊಂಡು ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ಓದಲು ಒದ್ದಾಡುತ್ತಿದ್ದರು. ಅಣ್ಣ ಗಂಟಲು ಸರಿಮಾಡಿಕೊಂಡ.

"ಯಜಮಾನ್ರೇ, ದೇವರು ನನ್ನ ಹೃದಯದಲ್ಲಿ ಒಂದು ಭಾರ ಇಟ್ಟಿದ್ದಾನೆ..."

"ದೇವರನ್ನ ಬಿಡಣ್ಣ," ಎಂದಳು ತಂಗಿ. "ನೀನು ಏನು ಮಾಡಿದೆ, ಅದನ್ನ ಹೇಳು."

ಅವನು ಗಾಜಿನ ಪೆಟ್ಟಿಗೆಯೊಳಗಿನ ಕೆಮ್ಮಿನ ಔಷಧಿ ಬಾಟಲಿಗಳನ್ನು ನೋಡುತ್ತ ಏನೋ ಹೇಳಿದ.

"ಕೇಳಿಸ್ಲಿಲ್ಲ," ಎಂದರು ಯಜಮಾನರು.

ಸಾಲಿನಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸು ಒಂದು ಹೆಜ್ಜೆ ಸರಿದು ಜಾಗ ಮಾಡಿದಳು.

"ಬಡಗಿಯ ಮಾತ್ರೆ ವಿಷಯ ಹೇಳಿದ್ದು ನಾನು. ತಂಗಿ ಅಲ್ಲ. ಅವನು ನಂಬಿ ನನಗೆ ಹೇಳಿದ್ದ. ಓಟು ನನಗೆ ಸಿಗಲಿ ಅಂತ ಹೇಳಿದೆ. ಅವಳ ಹೆಸರು ಸೇರಿಸಿದ್ದೂ ನಾನೇ."

ಯಜಮಾನರು ಚೀಟಿಯನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದರು.

"ಸರಿ. ನಾಳೆಯಿಂದ ಬಂದುಬಿಡಮ್ಮ."

"ಬರ್ತೀನಿ. ಆದ್ರೆ ನೀವು ನನ್ನನ್ನ ಒಂದು ಮಾತೂ ಕೇಳದೆ ಕಳಿಸಿದ್ರಿ ಯಜಮಾನ್ರೇ. ಹೀಗೇ ಗಿರಾಕಿಗಳೆಲ್ಲ ಇದ್ದಾಗಲೇ ಕಳಿಸಿದ್ರಿ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಂದೂ ತಪ್ಪಾಯ್ತು," ಎಂದರು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

"ನಾಳೆ ಒಂಬತ್ತಕ್ಕೆ ಬರ್ತೀನಿ."

ಹೊರಗೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಅಣ್ಣ ಬೆವರು ಒರೆಸಿಕೊಂಡ.

"ಈಗ ಸಮಾಧಾನ ಆಯ್ತಾ ನಿನಗೆ?"

"ಇಲ್ಲ," ಎಂದಳು ಅವಳು. "ಬಡಗಿಯ ಮನೆ ಬಾಕಿ ಇದೆ. ಆಮೇಲೆ ಶಾಲೆಯವರು."

ಅವನು ನಿಂತುಬಿಟ್ಟ. ಅವಳು ನಿಲ್ಲದೆ ಎಡಕ್ಕೆ, ಮರ ಕೊಯ್ಯುವ ಸದ್ದು ಬರುತ್ತಿದ್ದ ಓಣಿಗೆ ತಿರುಗಿದಳು. ನಾಲ್ಕು ಮನೆ ದಾಟಿದ ಮೇಲೆ ಹಿಂದೆ ಅವನ ಚಪ್ಪಲಿಯ ಸದ್ದು ಕೇಳಿಸಿತು. ಅವಳು ನಡಿಗೆ ನಿಧಾನ ಮಾಡಲಿಲ್ಲ.